ಗುಡ್ಡದ ಹವಾ

ಮನಾಲಿಯಿಂದ ಬಂದ ಮೇಲೆ ನನ್ನ ಬಿಪಿ ಇಳಿದಿತ್ತು. ಗೆಳತಿ ರೇಣು ನಡೆಸುವ ಹೆಂಗಸರ ಚಾರಣದ ಗುಂಪಿನ ಜೊತೆ ಒಂದು ವಾರ ಬೆನ್ನಿಗೆ ಚೀಲ ಹಾಕಿಕೊಂಡು ಗುಡ್ಡ ಹತ್ತಿದ್ದೆ. ಮೊದಲೆಲ್ಲ ಏದುಸಿರು, ಮೊಣಕಾಲು ನೋವು. ರೇಣುವನ್ನು ಬಾಯಿಗೆ ಬಂದಂತೆ ಬೈದೆ. ಆಮೇಲೆ ಏನಾಯಿತೋ, ಕಾಲುಗಳು ತಾವೇ ನಡೆದವು. ಹಸಿವಾದಾಗ ಯಾರೋ ಬಿಸಿ ಊಟದ ತಟ್ಟೆ ಕೈಗೆ ಕೊಡುತ್ತಿದ್ದರು. ಟೆಂಟಿನಲ್ಲಿ ಮಲಗಿದರೆ ಬೆಳಗಾದದ್ದೇ ಗೊತ್ತಾಗುತ್ತಿರಲಿಲ್ಲ.

ಡಾಕ್ಟರು ಗುಳಿಗೆ ಅರ್ಧ ಮಾಡಿ, ಹೀಗೆಯೇ ಆಗಾಗ ಹೋಗಿ ಬನ್ನಿ ಎಂದರು. ನನಗೆ ಒಳಗೊಳಗೇ ಹಬ್ಬ. ಇನ್ನು ಹೋಗಲು ಯಾರನ್ನೂ ಗೋಗರೆಯಬೇಕಿಲ್ಲ ಅಂದುಕೊಂಡೆ. ಆದರೆ ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ರಾಜೀವ ನನಗಿಂತ ಹೆಚ್ಚು ಹಿಗ್ಗಿದರು.

"ಗುಡ್ಡದ ಹವಾ ನೋಡು ಹೆಂಗದ! ಮುಂದಿನ ಸರ್ತಿ ಎಲ್ಲಾರೂ ಕೂಡೇ ಹೋಗೂಣು."

ಹೋದದ್ದು ಪುಣೆಯ ಹತ್ತಿರದ ಲೋಣಾವಳಾಕ್ಕೆ. ದೂರವಾದರೆ ಅತ್ತೆಗೆ ಆಗುವುದಿಲ್ಲವಲ್ಲ. ಅದೇ ವಾರ ರೇಣುವಿನ ಗುಂಪು ಮತ್ತೆ ಹಿಮಾಲಯಕ್ಕೆ ಹೊರಟಿತ್ತು. ಬರುವುದಿಲ್ಲ ಎಂದು ನಾನೇ ಫೋನು ಮಾಡಿದೆ. ಲೋಣಾವಳಾಕ್ಕೆ ಹೊರಟವರು ನಾವಿಬ್ಬರು, ಅತ್ತೆ ಮಾನಮ್ಮ, ಮೈದುನ ನಿತಿನ, ಅವನ ಹೆಂಡತಿ ಮಕ್ಕಳು. ರಾಜೀವ ಒಂದು ಬಂಗಲೆಯನ್ನೇ ಬಾಡಿಗೆಗೆ ಹಿಡಿದಿದ್ದರು.

"ಅಂಬಾ, ಅಡಗಿಮನಿ ನೋಡು ಎಷ್ಟ ದೊಡ್ಡದದ! ನಿನಗ ಏನೂ ತ್ರಾಸ ಆಗೂದಿಲ್ಲ."

ದೊಡ್ಡದೇ ಇತ್ತು, ಅದರಲ್ಲಿ ಸುಳ್ಳಿಲ್ಲ. ಜೋಳದ ಹಿಟ್ಟು, ಶೇಂಗಾ ಚಟ್ನಿ, ಅತ್ತೆಯ ಪಥ್ಯದ ಸಾಮಾನು ಎಲ್ಲವನ್ನೂ ಪುಣೆಯ ಕೋಥರೂಡದ ನಮ್ಮ ಮನೆಯಿಂದಲೇ ಹೊತ್ತು ತಂದಿದ್ದೆ. ಬೆಳಗಾದರೆ ಅವರೆಲ್ಲ ಗುಡ್ಡಕ್ಕೆ ಹೋಗುವರು. ಬಂದವರೇ, ಹವಾ ಭಾಳ ಚಲೋ ಅದ ಎನ್ನುತ್ತ ದಿನಕ್ಕಿಂತ ಹೆಚ್ಚು ರೊಟ್ಟಿ ಬಾರಿಸುವರು. ನಾನು ಗುಡ್ಡವನ್ನು ಕಿಟಕಿಯಿಂದ ನೋಡಿದೆ. ಅಳು ಬಂತು, ಅಳುವುದಕ್ಕೂ ಪುರುಸೊತ್ತಿರಲಿಲ್ಲ.

ಪುಣೆಗೆ ಮರಳಿದ ಮೇಲೆ ನೋಡಿದರೆ ಬಿಪಿ ಮತ್ತೆ ಏರಿತ್ತು. ರಾಜೀವ ಡಾಕ್ಟರಿಗೆ ಮರಾಠಿಯಲ್ಲಿ ವಿವರಿಸತೊಡಗಿದರು. ಲೋಣಾವಳಾದ ಎತ್ತರ ಸಾಲದಂತೆ, ಮುಂದಿನ ಸಲ ಎಲ್ಲರೂ ಮಹಾಬಳೇಶ್ವರಕ್ಕೆ ಹೋಗುವುದಂತೆ. ನನಗೆ ಸಾಕಾಗಿಹೋಯಿತು.

"ಹವಾ ಅಲ್ರೀ," ಎಂದೆ, ಕನ್ನಡದಲ್ಲೇ. "ಮನಾಲಿಯೊಳಗ ನೀವು ಯಾರೂ ಇರಲಿಲ್ಲ. ಅದಕ್ಕ ನಾ ಆರಾಮ ಆದೆ."

ಅವರು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ನಾನು ಏನಂದೆ ಎಂದು ಕನ್ನಡ ಬಾರದ ಡಾಕ್ಟರು ಕೇಳಿದರೆ ಇಬ್ಬರೂ ಹೇಳಲಿಲ್ಲ.

ಮನೆಯೊಳಗೆ ಕಾಲಿಡುತ್ತಲೇ ಅತ್ತೆಯ ದನಿ ಬಂತು. "ಅಂಬಾ, ಬಂದಿ ಏನವಾ? ಚಾ ಇಡು."

"ನೀ ಕೂಡು, ನಾ ಇಡ್ತೀನಿ," ಎಂದು ರಾಜೀವ ಅಡುಗೆಮನೆಗೆ ಹೋದರು. ನಾನು ಸೋಫಾದ ಮೇಲೆ ಕೂತೆ.

"ಸಕ್ಕರಿ ಎಲ್ಲದ?" ಹೇಳಿದೆ. "ಚಾಪುಡಿ?" ಅದನ್ನೂ ಹೇಳಿದೆ. ಸ್ವಲ್ಪ ಹೊತ್ತಿಗೆ ಹಾಲು ಉಕ್ಕಿ ಸುಟ್ಟ ವಾಸನೆ ಬಂತು.

"ಅಂಬಾ! ಬಾ ಇಲ್ಲೆ!"

ಕೊನೆಗೆ ಆ ಒಲೆ ಒರೆಸುವವಳು ನಾನೇ ಎಂದು ಗೊತ್ತಿತ್ತು. ಆದರೂ ಏಳಲಿಲ್ಲ.