ನೀಲಕ್ಕ ಕಿವಿ ಹೊಲಿಸಿಕೊಂಡದ್ದು

ಶಲವಡಿಯ ನೀಲಕ್ಕ ಯಾವಾಗ ನೋಡಿದರೂ ಸೆರಗನ್ನು ಬಲಗಿವಿಯ ಮೇಲೆ ಎಳೆದುಕೊಂಡೇ ಇರುತ್ತಿದ್ದಳು. ನೋಡಿದವರು, ಎಂಥ ಮರ್ಯಾದೆಯ ಹೆಣ್ಣುಮಗಳು ಎಂದು ಹೊಗಳುತ್ತಿದ್ದರು. ಮರ್ಯಾದೆಯೂ ಇಲ್ಲ, ಮಣ್ಣೂ ಇಲ್ಲ. ಸೆರಗಿನ ಹಿಂದೆ ಹರಿದ ಕಿವಿ ಇತ್ತು.

ನಮ್ಮ ಕಡೆ ಇದೇನು ಹೊಸದಲ್ಲ. ಮದುವೆಯಲ್ಲಿ ಹಾಕಿದ ಬೆಂಡೋಲೆಯನ್ನು ಮಲಗುವಾಗಲೂ ಬಿಚ್ಚುವುದಿಲ್ಲ. ಬಂಗಾರದ ಭಾರಕ್ಕೆ ತೂತು ಜಗ್ಗುತ್ತ ಹೋಗುತ್ತದೆ. ನೀಲಕ್ಕ ಹತ್ತಿ ಬಿಡಿಸುತ್ತಿದ್ದಾಗ ಓಲೆ ಸೆರಗಿಗೆ ಸಿಕ್ಕಿ, ಕಿವಿಯ ಹಾಲೆ ಎರಡು ಸೀಳಾಗಿತ್ತು.

ವರ್ಷಗಟ್ಟಲೆ ಅವಳು ಹಾಗೇ ತಳ್ಳಿದಳು. ಈಗ ಮಗಳು ಅಮೃತಾ ಬಸುರಿ. ಬರುವ ತಿಂಗಳು ಕುಬಿಹಾಳದ ಬೀಗರ ಮನೆಯಲ್ಲಿ ಅವಳ ಕುಬಸದ ಕಾರ್ಯ, ಅಂದರೆ ಸೀಮಂತ. ಹಡೆದವ್ವ ಎಲ್ಲರ ಮುಂದೆ ಕೂತು ಮಗಳಿಗೆ ಉಡಿ ತುಂಬಬೇಕು.

"ಈ ಸಲ ಕಿವಿ ಹೊಲಸ್ಕೊಂಡ ಬಿಡ್ತೀನ್ರಿ," ಎಂದಳು ಗಂಡ ಹೊಳೆಪ್ಪನಿಗೆ.

"ಅಜ್ಜಿ ಆಗೂ ವಯಸ್ಸಿನ್ಯಾಗ ಚಂದ ಯಾಕ ಬೇಕಲೇ? ಅದರಾಗ ನಿನಗ ಸಕ್ಕರಿ ಬ್ಯಾನಿ. ಕತ್ತರಿ ತಾಗಿದ್ರ ಗಾಯ ಮಾಯೂದ ಇಲ್ಲ!"

"ನಿಮಗ ಮೀಸಿಗೆ ಬಣ್ಣ ಹಚ್ಚೂ ವಯಸ್ಸೇನ್ರಿ?"

ಹೊಳೆಪ್ಪನ ಕೈ ಮೀಸೆಗೆ ಹೋಯಿತು.

ಸಂತೆಯಲ್ಲಿ ಕಿವಿ ಅಂಟಿಸುವವನೊಬ್ಬ ಕೂರುತ್ತಿದ್ದ. ಒಂದು ಹನಿ ಔಷಧಿ ಹಾಕಿದರೆ ಮುಗಿಯಿತು, ಹೊಲಿಗೆ ಬೇಡ ಎನ್ನುತ್ತಿದ್ದ. ನೀಲಕ್ಕನ ಮನಸ್ಸು ಮೊದಲು ಹರಿದದ್ದು ಆ ಕಡೆಗೇ. ಆದರೆ ಊರಿನ ಆಶಾ ಕಾರ್ಯಕರ್ತೆ ರುಬಿಯಾ ಅಡ್ಡ ಬಂದಳು.

"ಆ ಹನಿ ಚರ್ಮಾ ಸುಡತೈತ್ರಿ ಅಕ್ಕಾರ. ನಿಮಗ ಸಕ್ಕರಿ ಐತೇನಂತ ಅಂವ ಒಂದು ಮಾತರ ಕೇಳ್ತಾನೇನು? ಹುಬ್ಬಳ್ಳ್ಯಾಗ ಪ್ಲಾಸ್ಟಿಕ್ ಸರ್ಜರಿ ಡಾಕ್ಟರ್ ಅದಾರ. ಅಲ್ಲಿಗೆ ಹೋಗೂಣು. ಮೊದಲ ಸಕ್ಕರಿ ತಪಾಸಣಿ ಮಾಡ್ತಾರ. ಜಾಸ್ತಿ ಇದ್ರ ಇಳಿಸ್ಕೊಂಡು ಬರ್ರಿ ಅಂತಾರ."

ಜಾಸ್ತಿ ಇದೆ ಎಂದು ನೀಲಕ್ಕನಿಗೆ ಗೊತ್ತೇ ಇತ್ತು. ಮಾತ್ರೆಯನ್ನು ನೆನಪಾದ ದಿನ ನುಂಗುವವಳು, ಬೆಲ್ಲದ ಚಹಾ ಬಿಡದವಳು. ಡಾಕ್ಟರು ವಾಪಸು ಕಳಿಸಿದರೆ ಕುಬಸದ ಗತಿ? ಹಾಗಾಗಿ ಪರೀಕ್ಷೆಯಲ್ಲಿ ಸಕ್ಕರೆ ಕಡಿಮೆ ಕಾಣಲೆಂದು ಅವಳೊಂದು ಹಂಚಿಕೆ ಹಾಕಿದಳು. ಆಸ್ಪತ್ರೆಗೆ ಸೋಮವಾರವೇ ಹೋಗೋಣ ಎಂದು ಹಟ ಹಿಡಿದಳು. ಸೋಮವಾರ ಅವಳ ಉಪವಾಸದ ದಿನ, ಉಣ್ಣದಿದ್ದರೆ ಮನೆಯಲ್ಲಿ ಯಾರೂ ಕೇಳುವುದಿಲ್ಲ. ರವಿವಾರ ರಾತ್ರಿಯೂ ಹಸಿವಿಲ್ಲ ಎಂದು ಏನೂ ತಿನ್ನದೆ ಮಲಗಿದಳು. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಒಂದರ ಬದಲು ಎರಡು ಮಾತ್ರೆ ನುಂಗಿ, ಗಂಡ ಮತ್ತು ರುಬಿಯಾಳ ಜೊತೆ ಬಸ್ಸು ಹತ್ತಿದಳು. ಶಿವನ ಹೆಸರಿನಲ್ಲಿ ಡಾಕ್ಟರರ ಕಣ್ಣಿಗೆ ಮಣ್ಣೆರಚಲು ಹೊರಟಿದ್ದಳು, ಪಾಪ.

ಹುಬ್ಬಳ್ಳಿಯ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಅವಳ ಹಣೆಯಲ್ಲಿ ತಣ್ಣನೆಯ ಬೆವರು ಒಡೆಯಿತು. ಕೈಗಳು ಗಡಗಡ ನಡುಗತೊಡಗಿದವು. ಎದುರಿಗಿದ್ದ ಗಂಡನ ಮುಖವೂ ಅವಳ ಕಣ್ಣಿಗೆ ಮಸಕಾಯಿತು.

"ಅಕ್ಕಾರ, ಮುಂಜಾನಿ ಏನ್ ತಿಂದೀರಿ?" ರುಬಿಯಾ ಗಾಬರಿಯಾಗಿ ಭುಜ ಹಿಡಿದಳು.

"ಇವತ್ತ... ಸ್ವಾಮಾರ..."

"ಗುಳಿಗಿ?"

"ಎಲ್ಡು..."

ರುಬಿಯಾ ಕೂಗಿಕೊಂಡಳು. ನರ್ಸ್ ಓಡಿ ಬಂದು ಬೆರಳಿಗೆ ಚುಚ್ಚಿ ನೋಡಿದರೆ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಇನ್ನೂ ಎಚ್ಚರವಿದ್ದಾಗಲೇ ಸಕ್ಕರೆ ನೀರು ಕುಡಿಸಿದ್ದರಿಂದ ನೀಲಕ್ಕ ಚೇತರಿಸಿಕೊಂಡಳು. ಹೊಳೆಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಮುಚ್ಚಿಕೊಳ್ಳಲು ಅವನು ಬೈಯತೊಡಗಿದ.

"ಬ್ಯಾಡ ಅಂತ ಬಡಕೊಂಡ್ನೋ ಇಲ್ಲೋ? ಕಿವಿ ಸಲುವಾಗಿ ಜೀವಾ ಕಳಕೊಂತಿದ್ದಿಯಲ್ಲ!"

ರಕ್ತದ ಇನ್ನೊಂದು ಪರೀಕ್ಷೆಯ ವರದಿ ಮಧ್ಯಾಹ್ನ ಬಂತು. ಎಲ್ಲರೂ ಬಾಯಾರು ಎನ್ನುವ ಆ ಡಾಕ್ಟರಮ್ಮ ಅದನ್ನು ನೋಡಿ ನೀಲಕ್ಕನ ಕಡೆ ತಿರುಗಿದರು.

"ಒಂದು ದಿನಾ ಉಪಾಸ ಇದ್ರ ಇದು ಮೋಸ ಹೋಗೂದಿಲ್ರಿ. ಕಳೆದ ಎರಡು ಮೂರು ತಿಂಗಳದಾಗ ಸಕ್ಕರಿ ಹೆಂಗಿತ್ತು ಅನ್ನೂದನ್ನ ಇದು ತೋರಸತೈತಿ. ನಿಮ್ಮದು ಭಾಳ ಜಾಸ್ತಿ ಐತಿ. ಯಾಕ್ ಮುಚ್ಚಿಟ್ರಿ?"

ನೀಲಕ್ಕ ಅತ್ತೇಬಿಟ್ಟಳು. "ಖರೇ ಹೇಳಿದ್ರ ನೀವು ವಾಪಸ್ ಕಳಸ್ತಿದ್ರಿ."

"ಕಳಸ್ತಿದ್ದೆ. ಸಕ್ಕರಿ ಹತೋಟಿಗೆ ತಗೊಂಡು ಬರ್ರಿ ಅಂತ ಕಳಸ್ತಿದ್ದೆ. ಬರಬ್ಯಾಡ್ರಿ ಅಂತಲ್ಲ. ಸಕ್ಕರಿ ಹೆಚ್ಚಿದ್ದಾಗ ಹೊಲದ್ರ ಗಾಯ ಲಗೂನ ಮಾಯೂದಿಲ್ಲ, ಕೀವ ಆಗತೈತಿ, ಹೊಲಗಿ ಬಿಚ್ಚತೈತಿ. ಇದೇನು ಇವತ್ತ ಮಾಡ್ಲಿಲ್ಲಂದ್ರ ಜೀವಾ ಹೋಗೂ ಆಪರೇಷನ್ ಅಲ್ಲ. ಕಾಯೂಣು."

ಹೊಳೆಪ್ಪನಿಗೆ ಧೈರ್ಯ ಬಂತು. "ಹಂಗಾರ ಚಂದದ ಹುಚ್ಚು ಬಿಡು ಅಂತ ಹೇಳ್ರಿ ಬಾಯಾರ."

"ಅದನ್ನ ನಾ ಹೇಳೂದಿಲ್ರಿ. ಕಿವಿ ಅವರದು, ಆಸೇನೂ ಅವರದು. ಸಕ್ಕರಿ ಇಳಸಾಕ ನೀವು ಜೋಡಿ ಆಗ್ರಿ, ಸಾಕು."

ಸಂಜೆಯ ಬಸ್ಸಿಗೆ ನೀಲಕ್ಕ ಊರಿಗೆ ಬಂದಳು. ಇಳಿದವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, "ಕುಬಸಕ್ಕ ಹಿಂಗ ಹೋಗ್ತೀನ್ರಿ. ಆದ್ರ ಕಿವಿ ಬಿಡಂಗಿಲ್ಲ," ಎಂದಳು.

ಹೋದಳು ಕೂಡ. ಕುಬಿಹಾಳದಲ್ಲಿ ಬೀಗತಿ ಗೌರಕ್ಕ ಕೇಳಿಯೇಬಿಟ್ಟಳು: "ಯವ್ವಾ, ಕಿವಿ ಏನಾತ್ರಿ?"

"ಹರದೈತ್ರಿ. ಸಕ್ಕರಿ ಬ್ಯಾನಿ ಐತಿ ನನಗ. ಅದು ಹತೋಟಿಗೆ ಬಂದ ಮ್ಯಾಲೆ ಹೊಲಸ್ತೀನಿ. ಹೋಳಿಗಿ ಹಾಕಬ್ಯಾಡ್ರಿ, ರೊಟ್ಟಿ ಪಲ್ಯಾ ಕೊಡ್ರಿ."

ಪಂಕ್ತಿಯಲ್ಲಿ ಯಾರೂ ನಗಲಿಲ್ಲ. ಬಾಜೂಕೆ ಕೂತ ಮುದುಕಿಯೊಬ್ಬಳು ತನಗೂ ಸಕ್ಕರೆ ಇದೆ ಎಂದು ಹೇಳಿ, ತನ್ನ ಎಲೆಯ ಹೋಳಿಗೆಯನ್ನೂ ವಾಪಸು ಕೊಟ್ಟಳು.

ಮುಂದಿನ ದಿನಗಳು ಸುಲಭದವಲ್ಲ. ಮಾತ್ರೆ ಊಟದಷ್ಟೇ ಖಾಯಂ ಆಯಿತು. ಸೋಮವಾರದ ಉಪವಾಸವನ್ನು ಡಾಕ್ಟರರು ಬೇಡವೆಂದರು, ನೀಲಕ್ಕ ಪೂಜೆ ಮಾಡಿ ಉಂಡಳು. ಚಹಾದಿಂದ ಬೆಲ್ಲ ಹೋಯಿತು. ಹೊಳೆಪ್ಪ ಮೊದಲ ದಿನ ಆ ಚಹಾ ಕುಡಿದು ಮುಖ ಕಿವುಚಿದ, ಆದರೆ ತನಗೆ ಬೇರೆ ಮಾಡು ಎನ್ನಲಿಲ್ಲ. ಬೆಳಿಗ್ಗೆ ಇಬ್ಬರೂ ಕೂಡಿ ಹೊಲದ ತನಕ ನಡೆದರು. ನಡುವೆ ಒಂದು ಸಲ ಪರೀಕ್ಷೆಯಲ್ಲಿ ಸಕ್ಕರೆ ಮತ್ತೆ ಏರಿದ್ದು ಕಂಡಿತು. ನೀಲಕ್ಕ ಒಂದು ದಿನ ಮುಖ ಊದಿಸಿಕೊಂಡು ಕೂತಳು, ಮರುದಿನ ಮತ್ತೆ ನಡೆಯಲು ಎದ್ದಳು.

ಅಮೃತಾಗೆ ಹೆಣ್ಣು ಹುಟ್ಟಿದ ಮೇಲೆ ತೆಗೆಸಿದ ವರದಿಯನ್ನು ನೋಡಿ ಡಾಕ್ಟರ್ ಬಾಯಾರು, "ಈಗ ಹೊಲಿಯೂಣ್ರಿ," ಎಂದರು. ಕಿವಿಯಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಹೊಲಿದರು. ಮನೆಗೆ ಬಂದ ಮೇಲೆ ಗಾಯ ಸ್ವಚ್ಛವಾಗಿಡುವುದು, ಹೇಳಿದ ದಿನ ಹೋಗಿ ತೋರಿಸುವುದು, ಎಲ್ಲವನ್ನೂ ನೀಲಕ್ಕ ಚಾಚೂ ತಪ್ಪದೆ ಮಾಡಿದಳು. ಅರಿಶಿನ, ಸುಣ್ಣ ಹಚ್ಚು ಎಂದು ಬಂದವರನ್ನು ಬಾಗಿಲಿನಿಂದಲೇ ಸಾಗಹಾಕಿದಳು.

ಹೊಲಿಗೆ ಬಿಚ್ಚಿದ ದಿನ ಕೀವಿಲ್ಲ, ಬಾವಿಲ್ಲ, ಹಾಲೆ ಕೂಡಿಕೊಂಡಿತ್ತು. ಇನ್ನು ಭಾರದ ಓಲೆ ಬೇಡ, ಕೆಲವು ತಿಂಗಳಾದ ಮೇಲೆ ಬೇರೆ ಜಾಗದಲ್ಲಿ ತೂತು ಹಾಕಿಸಿ ಹಗುರವಾದದ್ದನ್ನು ಹಾಕಿಕೊಳ್ಳಿ ಎಂದರು ಬಾಯಾರು. ಹೊಳೆಪ್ಪ ಬಗ್ಗಿ ಬಗ್ಗಿ ನೋಡಿದ. ಆಮೇಲೆ ನರ್ಸ್, ರುಬಿಯಾ ಎಲ್ಲರೂ ಕೇಳುವಂತೆ ಅಂದ:

"ಚಂದ ಕಾಣಸ್ತೀಯಲೇ."

ನೀಲಕ್ಕನಿಗೆ ನಗು, ಅಳು ಒಟ್ಟಿಗೇ ಬಂದವು. ಹೊಳೆಪ್ಪ ಅಲ್ಲಿಗೇ ನಿಲ್ಲಲಿಲ್ಲ. ಅಂಗಿಯ ತೋಳು ಮಡಚಿ ನರ್ಸಿನ ಮುಂದೆ ಕೂತು, "ನಂದೂ ಒಂದೀಟು ಸಕ್ಕರಿ ನೋಡ್ರಿ. ಇಕಿ ಒಬ್ಬಾಕಿನ ಯಾಕ ತಪಾಸಣಿ ಮಾಡಿಸ್ಕೋಬೇಕು?" ಎಂದ.

ಅಕ್ಕಂದಿರೇ, ಅಣ್ಣಂದಿರೇ, ಹರಿದ ಕಿವಿ, ಸುಟ್ಟ ಕಲೆ, ಮುಖದ ಗಂಟು, ಯಾವುದನ್ನಾದರೂ ಸರಿ ಮಾಡಿಸಿಕೊಳ್ಳುವ ಆಸೆ ತಪ್ಪಲ್ಲ. ಸಕ್ಕರೆ, ಬಿಪಿ, ಥೈರಾಯಿಡ್, ಉಬ್ಬಸ ಇದ್ದ ಮಾತ್ರಕ್ಕೆ ಆ ದಾರಿ ಮುಚ್ಚಿತು ಎಂದುಕೊಳ್ಳಬೇಡಿ. ಆದರೆ ನಿಮ್ಮ ಕಾಯಿಲೆಯನ್ನೂ ನೀವು ನುಂಗುವ ಪ್ರತಿಯೊಂದು ಮಾತ್ರೆಯನ್ನೂ ಡಾಕ್ಟರರಿಗೆ ಹೇಳಿ. ಪರೀಕ್ಷೆಗೆಂದು ನೀವಾಗಿ ಉಪವಾಸ ಬೀಳಬೇಡಿ, ಮಾತ್ರೆ ಹೆಚ್ಚು ಕಡಿಮೆ ಮಾಡಬೇಡಿ. ಕಾಯಲು ಹೇಳಿದರೆ ಕಾಯಿರಿ. ನಿಮಗೇನು ಕಾಯಿಲೆ ಇದೆ ಎಂದು ಕೇಳದೆಯೇ ಕತ್ತರಿ ಹಿಡಿಯುವವನು ಸಿಕ್ಕರೆ, ಅವನೆಷ್ಟೇ ಅಗ್ಗಕ್ಕೆ ಮಾಡಲಿ, ಅವನ ಮುಂದಿನಿಂದ ಎದ್ದು ಬನ್ನಿ.