ಏಳನೆಯ ವರ್ಷಕ್ಕೆ ಒಂದು ಸಾಲು

"ಏಳನೇ ವರ್ಷಕ್ಕೆ ಒಂದೇ ಸಾಲು ಸಾಕು ಅಕ್ಕ," ಎನ್ನುತ್ತಾ ಮ್ಯಾನೇಜರ್ ಟೀ ಲೋಟವನ್ನು ತಾನೇ ತಂದು ಮೇಜಿನ ಮೇಲಿಟ್ಟಳು. "ಅದೇ, ವಿಮಾನ ರನ್‌ವೇ ದಾಟಿ ಹೋದದ್ದು. ಪೈಲಟ್ ತಪ್ಪು, ಯಾರಿಗೂ ಪೆಟ್ಟಾಗಲಿಲ್ಲ. ಅಷ್ಟೇ. ಬೆಳೆಸೋದು ಬೇಡ."

ಮ್ಯಾನೇಜರ್ ಈ ಆಫೀಸಿಗೆ ಬಂದು ಎರಡು ವರ್ಷವಾಗಿತ್ತು. ಇಷ್ಟು ದಿನ ಯಾರ ಮೇಜಿಗೂ ಟೀ ತಂದವಳಲ್ಲ.

"ಒಂದೊಂದು ವರ್ಷಕ್ಕೂ ಒಂದೊಂದು ಪುಟ ಅಂದಿದ್ರಲ್ಲ?"

"ಹಳೇ ಗಾಯ ಯಾಕೆ ಕೆರೆಯೋದು ಅಂತ. ಅಂದ ಹಾಗೆ, ಆ ವರ್ಷದ ತೂಕದ ಪುಸ್ತಕ ನಿಮ್ಮ ಹತ್ರ ಏನಾದ್ರೂ ಇದೆಯಾ?"

"ನನ್ನ ಹತ್ರ ಯಾಕಿರುತ್ತೆ?"

"ಸುಮ್ನೆ ಕೇಳಿದೆ."

ಸುಮ್ಮನೆ ಕೇಳುವವರ ಪೈಕಿಯಲ್ಲ ಆಕೆ.

ಸಣ್ಣ ಕಂಪನಿ ಅದು. ಮೂರು ವಿಮಾನ, ಐದು ಊರು, ಮೂವತ್ತೈದು ವರ್ಷ. ಈಗ ದೊಡ್ಡ ಕಂಪನಿಯೊಂದು ಅದನ್ನು ಕೊಳ್ಳಲಿತ್ತು. ಅವರ ಕಡೆಯವರು ಶುಕ್ರವಾರ ಬರುವಷ್ಟರಲ್ಲಿ ಕಂಪನಿಯ ಚರಿತ್ರೆಯ ಒಂದು ಪುಟ್ಟ ಪುಸ್ತಕ ಸಿದ್ಧವಾಗಬೇಕು. ಮೊದಲ ದಿನದಿಂದ ಇದ್ದವಳು ಈ ಅಕ್ಕ ಒಬ್ಬಳೇ ಆದ್ದರಿಂದ ಬರೆಯುವ ಕೆಲಸ ಇವಳ ಪಾಲಿಗೆ ಬಂದಿತ್ತು. ಆಗ ಇದ್ದದ್ದು ಒಂಬತ್ತು ಸೀಟಿನ ವಿಮಾನ. ಪೆಟ್ಟಿಗೆಗಳನ್ನಷ್ಟೇ ಅಲ್ಲ, ಜನರನ್ನೂ ತೂಗಿಯೇ ಹತ್ತಿಸಬೇಕಿತ್ತು. ತೂಗಿ, ಗಟ್ಟಿಯಾಗಿ ಹೇಳಿ, ಬರೆದು, ಒಟ್ಟು ಮಾಡಿ ಪೈಲಟ್ ಕೈಗೆ ಕೊಡುವುದು ಇವಳ ಕೆಲಸ. ಹಾಗಾಗಿ ಇವತ್ತಿಗೂ ಎಲ್ಲರ ಬಾಯಲ್ಲಿ 'ತಕ್ಕಡಿ ಅಕ್ಕ'.

ಆ ಏಳನೆಯ ವರ್ಷದ ಪೈಲಟ್ ಇವಳ ಒಡಹುಟ್ಟಿದ ಅಣ್ಣ. ಮ್ಯಾನೇಜರ್‌ಗೆ ಅದು ಗೊತ್ತಿತ್ತೇ? ಗೊತ್ತಿದ್ದರೆ ಒಂದು ಸಾಲು ಯಾರ ಮೇಲಿನ ಕರುಣೆ?

ಏಳನೆಯ ವರ್ಷದ ಆ ಮಧ್ಯಾಹ್ನ ಯಾವುದೋ ಸಮ್ಮೇಳನಕ್ಕೆ ಹೊರಟ ಏಳು ಜನ ಟೀಚರುಗಳು ಸಾಲಾಗಿ ನಿಂತಿದ್ದರು. ಅವರ ಹಿಂದೆ ಇಬ್ಬರು ಗಂಡಸರು ಕಿಸಿಕಿಸಿ ನಗುತ್ತಿದ್ದರು. ಮೊದಲ ಟೀಚರ್ ತಕ್ಕಡಿ ಹತ್ತಿದವಳೇ ಇವಳ ಕಿವಿಗೆ ಬಗ್ಗಿ, "ಅಮ್ಮಾ ತಾಯಿ, ಗಟ್ಟಿಯಾಗಿ ಕೂಗ್ಬೇಡ. ನನ್ನ ಗಂಡನಿಗೇ ಗೊತ್ತಿಲ್ಲ," ಎಂದಿದ್ದಳು. ಇವಳಿಗೂ ನಗು ಬಂತು. ಅಂಗೈಯಿಂದ ತಕ್ಕಡಿಯ ಮುಳ್ಳನ್ನು ಮುಚ್ಚಿ, "ನೀವೇ ಹೇಳಿ, ಬರ್ಕೋತೀನಿ," ಎಂದಳು. ಏಳು ಜನರೂ ತಮಗೆ ತೋಚಿದ್ದು ಹೇಳಿದರು. ಏಳು ಹೆಂಗಸರ ಮಾನ ಉಳಿಸಿದ ಹೆಮ್ಮೆಯಲ್ಲಿ ಇವಳು ಒಟ್ಟು ಮಾಡಿ ಕೊಟ್ಟಳು.

ಬಿರುಬಿಸಿಲು. ಓಡಿ ಓಡಿ ವಿಮಾನ ಏಳಲೇ ಇಲ್ಲ. ಅಣ್ಣ ಬ್ರೇಕ್ ಒತ್ತಿದ. ಅದು ಬೇಲಿ ಮುರಿದು ಆಚೆಯ ಹೊಲದಲ್ಲಿ ಮೂತಿ ಊರಿ ನಿಂತಿತು. ಕಾಗದದಲ್ಲಿ ತೂಕ ಸರಿಯಾಗಿಯೇ ಇತ್ತು. ಹಾಗಾದರೆ ಗಾಬರಿಯಾದವನು ಪೈಲಟ್, ಎಂದಿತು ವಿಚಾರಣೆ. ಅವನ ಪೈಲಟ್ ಲೈಸೆನ್ಸ್ ಹೋಯಿತು.

ಇಪ್ಪತ್ತೆಂಟು ವರ್ಷ ಇವಳು ಬಾಯಿ ಬಿಟ್ಟಿರಲಿಲ್ಲ. ಬದಲಿಗೆ, ಅಣ್ಣನಿಗೆ ಗೊತ್ತಿದೆಯೇ ಎಂದು ಅವನ ಪ್ರತಿ ಮಾತನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. 'ಸ್ವಲ್ಪ ದಪ್ಪ ಆಗಿದೀಯಲ್ಲೇ' ಎಂದು ಅವನು ಅಂದರೆ ಸಾಕು, ಎರಡು ದಿನ ಆ ಮಾತೇ ಇವಳ ತಲೆಯಲ್ಲಿ ತಿರುಗುತ್ತಿತ್ತು.

ಊಟದ ಹೊತ್ತಿಗೆ ಇವಳು ಎದ್ದು ಅಣ್ಣನ ಡ್ರೈವಿಂಗ್ ಸ್ಕೂಲಿಗೆ ಹೋದಳು. ಅಂಗಳದಲ್ಲಿ ಅವನು ಕಾರಿನ ಕಿಟಕಿಗೆ ಬಗ್ಗಿ ಒಬ್ಬ ನಡುವಯಸ್ಸಿನವನಿಗೆ ಹೇಳುತ್ತಿದ್ದ: "ರಿವರ್ಸ್ ಅಂದ್ರೆ ಹಿಂದೆ ನೋಡ್ಬೇಕು ಸ್ವಾಮಿ. ಕಣ್ಣು ಮುಚ್ಚಿ ದೇವರನ್ನ ನೆನೆಯೋದಲ್ಲ!" ತಂಗಿಯನ್ನು ಕಂಡು ಬಂದ. "ಏನೇ, ಕೆಲಸದಿಂದ ಓಡಿಸಿದ್ರಾ?"

"ಚರಿತ್ರೆ ಬರೀತಿದೀನಿ. ಏಳನೇ ವರ್ಷಕ್ಕೆ ಬಂದಿದೀನಿ."

"ಬರಿ. ನಂದೇ ತಪ್ಪು ಅಂತ ಎಲ್ಲಾ ಕಡೆ ಬರ್ದಿದೆಯಲ್ಲ. ನೋಡಿ ಕಾಪಿ ಹೊಡಿ."

"ಅಣ್ಣ, ಆವತ್ತು ತೂಕ ನಾನು ಸುಳ್ಳು ಬರ್ದಿದ್ದೆ."

ಇಷ್ಟು ಸಣ್ಣ ವಾಕ್ಯವೇ ಎಂದು ಅವಳಿಗೇ ಆಶ್ಚರ್ಯವಾಯಿತು.

"ಗೊತ್ತು," ಎಂದ ಅಣ್ಣ, ಕ್ಷಣವೂ ತಡೆಯದೆ. "ಬಾಗಿಲಲ್ಲೇ ನಿಂತಿದ್ನಲ್ಲ. ಆ ದಪ್ಪ ಟೀಚರಮ್ಮ ಐವತ್ತೆರಡು ಅಂದಾಗ ನಾನೂ ನಕ್ಕೆ. ನಕ್ಕು ಸಹಿ ಹಾಕ್ದೆ. ನೋಡಿಯೂ ಸಹಿ ಹಾಕಿದವನದೇ ತಪ್ಪು ತಾನೆ? ನೀನ್ಯಾಕೆ ಮುಖ ಹಿಂಗೆ ಮಾಡ್ಕೊಂಡಿದೀಯ?"

ಅವಳು ಅವನ ಮುಖವನ್ನೇ ನೋಡಿದಳು. ಬಾಗಿಲಲ್ಲಿ ಅಣ್ಣ ಇದ್ದ ನೆನಪು ಅವಳಿಗಿಲ್ಲ. ಅವನು ಹೊರಗೆ ವಿಮಾನದ ಗಾಜು ಒರೆಸುತ್ತಿದ್ದನಲ್ಲವೇ? ಚಿಕ್ಕಂದಿನಲ್ಲಿ ಅಮ್ಮನ ಕನ್ನಡಿ ಒಡೆದದ್ದು ಇವಳು; ಅಮ್ಮ ಬಾಯಿ ತೆರೆಯುವ ಮೊದಲೇ "ನಾನೇ" ಎಂದವನು ಅವನು. ಇದೇ ವೇಗದಲ್ಲಿ, ಇದೇ ದನಿಯಲ್ಲಿ.

"ನಿಜ ಹೇಳು. ಟೀಚರ್ ಐವತ್ತೆರಡು ಅಂದದ್ದು ಕೇಳಿದ್ಯಾ, ಇಲ್ಲಾ ಆಮೇಲೆ ಕಾಗದದಲ್ಲಿ ನೋಡಿದ್ಯಾ?"

"ಆ ಮನುಷ್ಯ ಗೋಡೆಗೆ ಗುದ್ದುತ್ತಾನೆ ಕಣೇ, ಬಿಡು," ಎಂದು ಅವನು ಕಾರಿನ ಕಡೆ ಓಡಿದ.

ಆಫೀಸಿಗೆ ಮರಳಿ ಇವಳು ಒಂದು ಪೂರ್ತಿ ಪುಟ ಬರೆದಳು. ಅಣ್ಣ ಬಾಗಿಲಲ್ಲಿದ್ದ ಎಂದು ಬರೆಯಲಿಲ್ಲ. ಅದು ಅವಳು ಕಂಡದ್ದಲ್ಲ. ಏಳು ಜನರನ್ನು ತೂಗಲಿಲ್ಲ, ಅವರು ಹೇಳಿದ್ದನ್ನು ಬರೆದುಕೊಂಡೆ, ಪೈಲಟ್‌ಗೆ ತಿಳಿಸಲಿಲ್ಲ ಎಂದಷ್ಟೇ ಬರೆದು, ಕೆಳಗೆ ತನ್ನ ಹೆಸರು ಹಾಕಿ, ಒಯ್ದು ಮ್ಯಾನೇಜರ್ ಮುಂದಿಟ್ಟಳು.

ಮ್ಯಾನೇಜರ್ ಓದಿದಳು. ಮತ್ತೊಮ್ಮೆ, ಬೆರಳಿಟ್ಟು ಓದಿದಳು. ಅವಳ ಮುಖದಲ್ಲಿ ಅಚ್ಚರಿ ಇರಲಿಲ್ಲ.

"ಇದನ್ನ ಕೊಳ್ಳೋಕೆ ಬರೋರಿಗೆ, ಇಲ್ಲಾ ಬೇರೆ ಯಾರಿಗಾದ್ರೂ ತೋರಿಸಿದೀರಾ ಅಕ್ಕ?"

"ಇನ್ನೂ ಇಲ್ಲ."

ಮ್ಯಾನೇಜರ್ ಎದ್ದು ಹೋಗಿ ಬಾಗಿಲು ಮುಚ್ಚಿ, ಸದ್ದಾಗದಂತೆ ಚಿಲಕ ಹಾಕಿದಳು. ಅಷ್ಟರಲ್ಲಿ ಇವಳು, ಆ ಪುಟವನ್ನು ಒಂದು ಸಾಲಿಗೆ ಇಳಿಸಲು ಒಪ್ಪದವಳ ಹಾಗೆ, ಯಾರೂ ಹೇಳದೆಯೇ, ಎದುರಿನ ಕುರ್ಚಿ ಎಳೆದುಕೊಂಡು ಕುಳಿತಿದ್ದಳು.