ಕಂಪ್ಯೂಟರಿಗೆ ಆರತಿ

"ಅಲ್ಲೇ ನಿಂತ್ಕಳಮ್ಮೀ! ಹೊಸ್ಲು ದಾಟುದ್ರೆ ಕಾಲ್ ಮುರ್ದಾಕ್ಬುಟ್ಟೇನು!"

ನರಸಯ್ಯನ ಕೂಗಿಗೆ ಬಾಗಿಲಲ್ಲಿದ್ದ ಹೆಂಗಸು ಕೆಮ್ಮುತ್ತ ಎರಡು ಹೆಜ್ಜೆ ಹಿಂದೆ ಸರಿದಳು. ಒಳಗೆ ಕಂಪ್ಯೂಟರಿನ ಮುಂದೆ ಕೂತಿದ್ದ ಮೇಘನ ತಲೆ ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ಆ ಕೆಮ್ಮು ಅವಳು ಹುಟ್ಟಿದಾಗಿನಿಂದ ಕೇಳಿದ್ದು. ಬಂದವಳು ಅವಳ ಅವ್ವ, ಬಿಂಡಿಗನವಿಲೆಯ ಮಂಗಳಮ್ಮ.

"ಒಳಿಕ್ಕೆ ಬರಾಕಿಲ್ಲ ಬುಡಿ ಸಾ. ನಮ್ ಕೇರಿಗೆ ಸರ್ಕಾರದ ಮನೆ ಬಂದವೆ. ಪಟ್ಟೀಲಿ ನಮ್ಮೆಜಮಾನ್ರು ದೇವಯ್ಯನ ಹೆಸ್ರೇ ಇಲ್ಲ. ಕೇಳುದ್ರೆ, ಕಂಪೂಟ್ರಲ್ಲಿ ನೀವು ಅಕ್ಕಸಾಲ್ಗರು ಅಂತ ಬಂದೈತೆ, ನಾಗಮಂಗ್ಲದಲ್ಲಿ ಟೈಪ್ ಹೊಡ್ದೋರ್ನೇ ಕೇಳೋಗು ಅಂದ್ರು."

"ಅಕ್ಕಸಾಲ್ಗರಾ?" ನರಸಯ್ಯ ಹೊಟ್ಟೆ ಕುಣಿಸಿ ನಕ್ಕ. "ದೊಡ್ಡೋರಾಗೋ ಆಸೆಗೆ ನೀನೇ ಹೇಳಿರ್ತೀಯ ಕಣಮ್ಮಿ. ದಿನಾ ಪೂಜೆ ಮಾಡೋ ಮಿಶೀನು ಸುಳ್ಳು ಹೇಳ್ತದಾ?"

ಪೂಜೆ ಮಾಡುತ್ತಿದ್ದವಳು ಮೇಘನಳೇ. ತಾಲ್ಲೂಕಿನ ಮನೆಮನೆ ಸಮೀಕ್ಷೆಯ ಫಾರಮುಗಳನ್ನು ಕಂಪ್ಯೂಟರಿಗೆ ತುಂಬುವ ಕಂಟ್ರಾಕ್ಟು ತೊಂಬತ್ತೇಳರಲ್ಲಿ ನರಸಯ್ಯನಿಗೆ ಸಿಕ್ಕಿದಾಗಿನಿಂದ ಅವಳು ಬೆಳಿಗ್ಗೆ ಚಪ್ಪಲಿ ಹೊರಗೆ ಬಿಟ್ಟು, ಪರದೆಯ ನೆತ್ತಿಗೆ ಕುಂಕುಮವಿಟ್ಟು, ಕರ್ಪೂರ ಬೆಳಗಬೇಕು. ಹೆಣ್ಣುಮಗಳು ಆರತಿ ಎತ್ತಿದರೆ ಮಿಶೀನು ಕೆಡುವುದಿಲ್ಲವಂತೆ. ಯಾರ ಮನೆಯ ಹೆಣ್ಣುಮಗಳು ಎಂದು ಅವನು ಕೇಳಿರಲಿಲ್ಲ. ಬಾಡಿಗೆಗೆ ಕೋಣೆ ಕೊಟ್ಟ ಅಕ್ಕಸಾಲಿಗರ ಸುಬ್ಬಮ್ಮ ಮಾತ್ರ, "ನಮ್ಮೋಳೇ ಅಲ್ವೇನಮ್ಮಿ ನೀನು?" ಎಂದಿದ್ದಳು. ಮೇಘನ ಸುಳ್ಳು ಹೇಳಲಿಲ್ಲ. ಅಷ್ಟು ಧೈರ್ಯವಿರಲಿಲ್ಲ. ನಕ್ಕಳು. ಬಿ.ಎ. ಓದಿದ್ದಕ್ಕೆ ಅಷ್ಟಾದರೂ ಬಂದಿತ್ತು.

ಕೆಟ್ಟುಹೋದ ಪ್ರಿಂಟುಗಳನ್ನು ನರಸಯ್ಯ ಬಸ್‌ಸ್ಟ್ಯಾಂಡಿನ ಕಡಲೆಕಾಯಿಯವನಿಗೆ ತೂಕಕ್ಕೆ ಹಾಕುತ್ತಿದ್ದ. ಯಾರ ಮನೆಯಲ್ಲಿ ಕ್ಷಯ, ಯಾರ ಮಗಳು ಗಂಡನ್ನ ಬಿಟ್ಟಿದ್ದಾಳೆ, ಯಾರದು ಯಾವ ಜಾತಿ, ಎಲ್ಲ ಪೊಟ್ಟಣದ ಜೊತೆ ಪುಕ್ಕಟೆ. ಒಂದು ಸಂಜೆ ಸುಬ್ಬಮ್ಮ ಜಗುಲಿಯಲ್ಲಿ ಪೊಟ್ಟಣ ಬಿಡಿಸಿ ಓದಿದಳು.

"ನೋಡಮ್ಮಿ! ಕಾಫಿ ಹೋಟ್ಲಲ್ಲಿ ಲೋಟ ತೊಳೆಯೋ ಕರಿಯಪ್ಪ ಆ ಕೇರಿಯೋನಂತೆ. ಥೂ ಬೋಳೀಮಗ, ಎಷ್ಟ್ ದಿನದಿಂದ ಕುಡುಸ್ತಾವ್ನೆ ನಮ್ಗೆ!"

ಅವಳು ಕೊಟ್ಟ ಕಡಲೆಕಾಯಿಯನ್ನು ಮೇಘನ ತಿಂದಳು. ರುಚಿಯಾಗಿಯೇ ಇತ್ತು. ಮೂರನೇ ದಿನಕ್ಕೆ ಹೋಟೆಲಿನಲ್ಲಿ ಕರಿಯಪ್ಪ ಇರಲಿಲ್ಲ. ಪೊಟ್ಟಣದ ಕಾಗದ ಮಾತ್ರ ಮೇಘನಳ ಡೈರಿಯೊಳಗೆ ಉಳಿಯಿತು.

ಆ ವಾರವೇ ಬಿಂಡಿಗನವಿಲೆಯ ಫಾರಮುಗಳ ಕಟ್ಟು ಬಂತು. ಸರ್ಕಾರದವರು ಎದುರಿಗೆ ಕೂತು ವಿಚಾರಿಸಿದ್ದು ಮಂಗಳಮ್ಮನ ಜನ್ಮದಲ್ಲಿ ಅದೇ ಮೊದಲು. ಕೇಳದ್ದನ್ನೂ ಹೇಳಿಬಿಟ್ಟಿದ್ದಳು. 'ಮಗಳು ಮೇಘನ, ಬಿ.ಎ., ನಾಗಮಂಗಲದಲ್ಲಿ ಕಂಪ್ಯೂಟರ್ ಕೆಲಸ, ಸುಬ್ಬಮ್ಮನವರ ಮನೆಯಲ್ಲಿ ವಾಸ' ಎಂದು ಷರಾದಲ್ಲಿ ದುಂಡಗೆ ಬರೆದಿತ್ತು. ಜಾತಿಯ ಕಾಲಮಿನಲ್ಲಿ 1. ಅವರ ಕೇರಿಗೆಲ್ಲ 1.

ಮೇಘನ 7 ಒತ್ತಿದಳು. ಚಿನ್ನವನ್ನು ಗೌಡರ ಹೆಂಡಿರ ಕತ್ತಿನಲ್ಲಷ್ಟೇ ಕಂಡಿದ್ದ ದೇವಯ್ಯ ಒಂದೇ ಗುಂಡಿಗೆ ಅಕ್ಕಸಾಲಿಗನಾದ. ತಪ್ಪೇ ಬೀಳದ ಕೈ ಎಂದು ನರಸಯ್ಯನಿಂದ ಹೊಗಳಿಸಿಕೊಂಡಿದ್ದವಳು ಅಂದಿನ ಡೈರಿಯಲ್ಲಿ 'ತಲೆನೋವು' ಎಂದು ಬರೆದಳು. ಯಾರೂ ಓದದ ಡೈರಿಗೂ ಸುಳ್ಳು!

"ಆ ಕಟ್ಟು ಹೊಡ್ದಿದ್ದು ನೀನೇ ಅಲ್ವೇನಮ್ಮ ಮೇಘನ?" ನರಸಯ್ಯ ಈಗ ಅವಳತ್ತ ತಿರುಗಿ ಕೇಳಿದ.

ಮೇಘನ ತಲೆ ಎತ್ತಿದಳು. ಅವ್ವ ಅವಳನ್ನೇ ನೋಡುತ್ತಿದ್ದಳು. ಅವಳ ಹಣೆಯ ಬೊಟ್ಟು, ಕುಂಕುಮದ ಕಂಪ್ಯೂಟರು, ಆರತಿ ತಟ್ಟೆ, ಎಲ್ಲವನ್ನೂ ನೋಡಿದಳು.

"ಈ ಮಗ ಯಾರೋ ನಂಗೊತ್ತಿಲ್ಲ ಸಾ," ಎಂದಳು, ಯಾರೂ ಕೇಳದಿದ್ದರೂ. "ಮಕ ನೋಡುದ್ರೆ ಒಳ್ಳೇರ ಮನೆಯೋಳು. ತಪ್ಪು ಮಾಡಾಕಿಲ್ಲ. ನಾನೇ ಏನೋ ಒದರಿರ್ಬೇಕು. ಓಗ್ಲಿ ಬುಡಿ, ಸೋರೋ ಸೂರು ಇನ್ನೊಂದ್ ಮಳೆಗಾಲ ತಡ್ಕತದೆ."

ಸುಳ್ಳು ಹೇಳುವುದರಲ್ಲೂ ಅವ್ವನೇ ಗಟ್ಟಿಗಿತ್ತಿ. ಹೊರಡಲು ತಿರುಗಿದಳು.

"ಅವ್ವಾ, ನಿಂತ್ಕೊ."

ಮೇಘನಳ ದನಿ ಎಷ್ಟು ಸಣ್ಣಗಿತ್ತೆಂದರೆ ಅವಳಿಗೇ ಕೇಳಿಸಲಿಲ್ಲ. ಇನ್ನೊಂದು ಸಲ ಕೂಗಿದಳು. "ಅವ್ವಾ!"

ದೇವಯ್ಯನ ಫಾರಮು ತೆಗೆದು, 7 ಅಳಿಸಿ, 1 ಒತ್ತಿದಳು. ಪ್ರಿಂಟರು ಕಿರ್ರೆಂದು ಅರಚತೊಡಗಿತು.

"ಬೇಕಂತ್ಲೇ ತಪ್ಪು ಹೊಡ್ದಿದ್ದೆ ಸಾ. ಇವ್ಳು ನಮ್ಮವ್ವ."

ನರಸಯ್ಯ ಅವಳನ್ನೂ ಆರತಿ ತಟ್ಟೆಯನ್ನೂ ನೋಡಿದ. "ಅಂದ್ರೆ... ಆರ್ ತಿಂಗ್ಳಿಂದ ಆರತಿ..."

"ನಾನೇ ಎತ್ತಿದ್ದು. ಮಿಶೀನು ಕೆಟ್ಟಿಲ್ವಲ್ಲ."

"ಎದ್ದೇಳ್ಲೇ ಮುಂಡೆ! ಮುಟ್ಬ್ಯಾಡ ಅದ್ನ!"

ಮೇಘನ ಪ್ರಿಂಟರನ್ನೇ ನೋಡುತ್ತ ಕೂತಳು. ಹಾಳೆ ಪೂರ್ತಿ ಬರುವ ತನಕ ಏಳುವಂತಿರಲಿಲ್ಲ. ನರಸಯ್ಯ ಅದನ್ನು ಸೊಕ್ಕು ಅಂದುಕೊಂಡ. ಪ್ರಿಂಟು ಮುಗಿದ ಮೇಲೆ ಹಾಳೆ ಹರಿದು ಅವನ ಮುಂದಿಟ್ಟಳು.

"ತಿದ್ದಿದ್ದೀವಿ ಅಂತ ಬರ್ದು ಮೊಹರು ಹಾಕಿ. ಇಲ್ದಿದ್ರೆ ಕಡ್ಲೆಕಾಯಿ ಪೊಟ್ಣ ಒಂದೈತೆ ನನ್ನತ್ರ. ತಕೊಂಡೋಗಿ ತಾಲ್ಲೂಕ್ ಕಚೇರೀಲಿ ಬಿಚ್ತೀನಿ."

ಮೊಹರು ಬಿತ್ತು. ಹಾಳೆಯನ್ನು ಅವನು ಬಾಗಿಲಾಚೆಗೆ ಎಸೆದ. ಮಂಗಳಮ್ಮ ಆಯ್ದು ಸೆರಗಿನಲ್ಲಿ ಒರೆಸಿಕೊಂಡಳು. "ಯಾಕ್ ಮಗ ಇಂಗ್ ಮಾಡ್ಕೊಂಡೆ?" ಎಂದು ಬೈಯುತ್ತಲೇ ಮಗಳ ಕೈ ಹಿಡಿದಳು.

ಮೇಘನ ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುತ್ತಿದ್ದಾಗ ಒಳಗಿನಿಂದ ಕುಂಯ್ ಕುಂಯ್ ಎಂದು ಸದ್ದು. ತಿರುಗಿ ನೋಡಿದಳು. ನರಸಯ್ಯ ಚೊಂಬಿನ ನೀರಲ್ಲಿ ಬಟ್ಟೆ ಅದ್ದಿ ಅವಳು ಮುಟ್ಟಿದ ಗುಂಡಿಗಳನ್ನೆಲ್ಲ ತೊಳೆಯುತ್ತಿದ್ದ. ನೀರು ಕುಡಿದ ಒಂದು ಗುಂಡಿ ಒಳಗೇ ಕಚ್ಚಿಕೊಂಡಿತ್ತು. ಖಾಲಿ ಫಾರಮಿನಲ್ಲಿ ಹೆಸರಿನ ಜಾಗ ತುಂಬಿ, ಊರಿನ ಜಾಗ ತುಂಬಿ, ಜಾತಿಯ ಜಾಗ ತುಂಬಿ, ಪರದೆಯುದ್ದಕ್ಕೂ 1 1 1 1 1.

ನರಸಯ್ಯ ಇನ್ನೂ ಒರೆಸುತ್ತಲೇ ಇದ್ದ.